ಯಾರ ಪೈಕಿ?

ಸಿಇಟಿ ಸೀಟು ಹಂಚಿಕೆಯ ಪಟ್ಟಿ ಹೊರಬೀಳುವ ವಾರ ನಮ್ಮ ಕಾಲೇಜಿನ ಸ್ಟಾಫ್‌ರೂಮಿನ ಮೇಜಿನ ಮೇಲೆ ಪೇಡಾ ಡಬ್ಬಿಗಳಿಗೆ ಬರವಿರುವುದಿಲ್ಲ. ಧಾರವಾಡದಲ್ಲಿ ಯಾವ ಸಂತೋಷವೂ ಪೇಡಾ ಇಲ್ಲದೆ ಪೂರ್ತಿಯಾಗುವುದಿಲ್ಲ. ಹೊಟ್ಟೆಬಟ್ಟೆ ಕಟ್ಟಿ ಮಕ್ಕಳನ್ನು ಓದಿಸಿದ ತಂದೆತಾಯಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಾಗ ನನ್ನ ಕಣ್ಣೂ ತುಂಬಿ ಬರುತ್ತದೆ. ಕಳೆದ ಸಲ ಹೀಗೆ ಬಂದ ಪಾಲಕರೊಬ್ಬರು ಆಡಿದ ಮಾತು ಮಾತ್ರ ಇಂದಿಗೂ ಮನಸ್ಸಿನಲ್ಲಿ ಕೊರೆಯುತ್ತಿದೆ. "ನಮ್ಮ ಹುಡುಗನದು ಶುದ್ಧ ಮೆರಿಟ್ ಮೇಡಂ, ಯಾವ ಕೆಟಗರಿಯ ಹಂಗೂ ಇಲ್ಲ" ಎಂದರು. ಹುಡುಗ ನಿಜಕ್ಕೂ ಓದುವವನು, ಅವನ ರ‍್ಯಾಂಕಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅವನ ಅಕ್ಕ ಖಾಸಗಿ ಮೆಡಿಕಲ್ ಕಾಲೇಜೊಂದರಲ್ಲಿ ಆಡಳಿತ ಮಂಡಳಿ ಕೋಟಾದಲ್ಲಿ ಓದುತ್ತಿದ್ದಾಳೆ. ಆ ಸೀಟಿಗಾಗಿ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಇದ್ದ ಸೈಟು ಮಾರಿದ್ದನ್ನು ಅವರೇ ಹಿಂದೊಮ್ಮೆ ಇದೇ ಕೋಣೆಯಲ್ಲಿ ಕುಳಿತು, ಮಗಳಿಗಾಗಿ ಮಾಡಿದ ತ್ಯಾಗವೆಂದು ಹೇಳಿಕೊಂಡಿದ್ದರು. ಅದನ್ನು ಕೇಳಿ ನಾವೆಲ್ಲ ತಲೆದೂಗಿದ್ದೆವು. ಆ ಸೀಟು ಯಾವ ಹಂಗಿನದು ಎಂದು ಅಂದು ಯಾರಿಗೂ ಅನ್ನಿಸಿರಲಿಲ್ಲ, ಇಂದೂ ಅನ್ನಿಸಲಿಲ್ಲ.

ಅದೇ ದಿನ ಮಧ್ಯಾಹ್ನ ಶಿರಹಟ್ಟಿ ತಾಲ್ಲೂಕಿನ ಹುಡುಗನೊಬ್ಬ ವರ್ಗಾವಣೆ ಪತ್ರಕ್ಕಾಗಿ ಬಂದ. ತಾಯಿ ಕೂಲಿಗೆ ಹೋಗುತ್ತಾಳೆ, ತಂದೆ ಇಲ್ಲ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿ ಇದ್ದು ಓದಿದವನು. ಸೀಟು ಸಿಕ್ಕಿತೇ ಎಂದು ಕೇಳಿದ ಸಹೋದ್ಯೋಗಿಯೊಬ್ಬರು ಉತ್ತರಕ್ಕೂ ಕಾಯದೆ, "ನಿನಗೇನಪ್ಪ ಚಿಂತೆ, ಕೆಟಗರಿ ಇದೆಯಲ್ಲ" ಎಂದರು. ಹುಡುಗ "ಹೌದು ಸರ್" ಎಂದಷ್ಟೇ ಹೇಳಿ ಸಹಿ ಮಾಡಿ, ಕಾಗದ ತೆಗೆದುಕೊಂಡು ಹೋದ. ಅವನ ಕೈಯಲ್ಲಿದ್ದ ಹಂಚಿಕೆ ಪತ್ರವನ್ನು ನಾನು ನೋಡಿದ್ದೆ. ಅವನಿಗೆ ಸೀಟು ಸಿಕ್ಕಿದ್ದು ಜಿಎಂನಲ್ಲಿ, ಅಂದರೆ ಜನರಲ್ ಮೆರಿಟ್‌ನಲ್ಲಿ. ಜಿಎಂ ಸೀಟು ಯಾವುದೋ ಒಂದು ಜಾತಿಗಂಟಿಕೊಂಡ ಸೀಟಲ್ಲ, ರ‍್ಯಾಂಕು ಇರುವ ಎಲ್ಲರಿಗೂ ತೆರೆದದ್ದು. ಪರಿಶಿಷ್ಟ ಜಾತಿಯ ಹುಡುಗನ ರ‍್ಯಾಂಕು ಅಲ್ಲಿಗೆ ಮುಟ್ಟಿದರೆ ಮೊದಲು ಅಲ್ಲಿಯೇ ಸಿಗುತ್ತದೆ, ಮೀಸಲು ಸೀಟು ಮುಂದಿನವನಿಗೆ ಉಳಿಯುತ್ತದೆ. ಸೀಟು ಹಂಚಿಕೆಯ ಮೊದಲ ಪಾಠವಿದು. ಆದರೂ ವರ್ಷಗಟ್ಟಲೆ ಇದೇ ಕೆಲಸ ಮಾಡಿಕೊಂಡು ಬಂದ ಅಧ್ಯಾಪಕರೂ ಅದನ್ನು ಮರೆಯುತ್ತಾರೆ. ಜಾತಿ ಗೊತ್ತಾದ ಕೂಡಲೇ ಲೆಕ್ಕ ಮುಗಿದುಹೋಗುತ್ತದೆ.

ಈ ಹುಡುಗನನ್ನು ಮುಂದೆ ನಿಲ್ಲಿಸಿ ವಾದ ಗೆಲ್ಲುವುದು ಸುಲಭ. ನನಗೆ ಅದು ಬೇಡ. ಮೀಸಲಾತಿಯಲ್ಲಿ ಸೀಟು ಪಡೆಯುವ ಬಹಳಷ್ಟು ಮಕ್ಕಳ ರ‍್ಯಾಂಕು ಹಿಂದೆಯೇ ಇರುತ್ತದೆ. ಇರುವುದರಿಂದಲೇ ಮೀಸಲಾತಿ ಬೇಕಾಗಿದೆ. ಮಾತಾಡಬೇಕಾದದ್ದು ಅವರ ಬಗ್ಗೆ.

ಒಂದು ಅಂಕದ ಬೆಲೆ

ನಾನು ಗಣಿತದವಳು, ಅಂಕಗಳ ಬಗ್ಗೆ ಅಂಕದಲ್ಲೇ ಮಾತಾಡುತ್ತೇನೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರಕ್ಕೂ ತಲಾ 60ರಂತೆ 180 ಅಂಕಗಳ ಪರೀಕ್ಷೆ. ಅದರ ಅರ್ಧ ಭಾರ ಮತ್ತು ಪಿಯುಸಿ ಅಂಕಗಳ ಅರ್ಧ ಭಾರ ಕೂಡಿಸಿ ರ‍್ಯಾಂಕು ಕೊಡುತ್ತಾರೆ. ಬರೆಯುವವರು ಲಕ್ಷಗಟ್ಟಲೆ. ಇಷ್ಟು ಜನರನ್ನು ಇಷ್ಟು ಕಿರಿದಾದ ಅಳತೆಗೋಲಿನ ಮೇಲೆ ಸಾಲಾಗಿ ನಿಲ್ಲಿಸಿದರೆ ನಡುವಿನಲ್ಲಿ ನೂಕುನುಗ್ಗಲಾಗಲೇಬೇಕು. ಅಲ್ಲಿ ಒಂದು ಉತ್ತರ ತಪ್ಪಿದರೆ ರ‍್ಯಾಂಕು ಸಾವಿರಗಟ್ಟಲೆ ಕೆಳಗಿಳಿಯುತ್ತದೆ. ಆ ದಿನ ಬೆಳಿಗ್ಗೆ ಹುಬ್ಬಳ್ಳಿಯಿಂದ ಬರುವ ಬಸ್ಸು ನವನಗರದ ಹತ್ತಿರ ಅರ್ಧ ಗಂಟೆ ನಿಂತಿತೆಂದರೆ, ಉಸಿರುಗಟ್ಟಿ ಓಡಿ ಬಂದ ಹುಡುಗಿಯ ಎರಡು ಉತ್ತರ ತಪ್ಪಿದರೆ, ಅವಳ ಬುದ್ಧಿ ಸಾವಿರಾರು ಜನರ ಬುದ್ಧಿಗಿಂತ ಕಡಿಮೆಯಾಯಿತೇ? 2024ರಲ್ಲಿ ಪಠ್ಯದಲ್ಲಿ ಇಲ್ಲದ ಪ್ರಶ್ನೆಗಳನ್ನು ಕೇಳಿ, ಗದ್ದಲವಾದ ಮೇಲೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರು. ಆ ಪ್ರಶ್ನೆಗಳಲ್ಲಿ ಹೊತ್ತು ಕಳೆದುಕೊಂಡವರು ಯಾರು, ಕೋಚಿಂಗಿನಲ್ಲಿ ಅವನ್ನೂ ಕಲಿತು ಬಂದವರು ಯಾರು ಎಂದು ಹೊಸ ಪಟ್ಟಿ ಹೇಳಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಕರ್ನಾಟಕ ಲೋಕಸೇವಾ ಆಯೋಗ, ಅಂದರೆ ಕೆಪಿಎಸ್‌ಸಿ 384 ಹುದ್ದೆಗಳಿಗೆ ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಎಷ್ಟು ಕೆಟ್ಟಿದ್ದವೆಂದರೆ ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆ ನಡೆಸಬೇಕಾಯಿತು, ಅದರಲ್ಲೂ ಅದೇ ದೂರು. ಕನ್ನಡದ ನೆಲದಲ್ಲಿ ಕನ್ನಡದಲ್ಲಿ ಓದಿದವರು ಪ್ರಶ್ನೆ ಏನೆಂದು ತಿಳಿಯಲು ಇಂಗ್ಲಿಷ್ ಪ್ರಶ್ನೆಯ ಕಡೆ ನೋಡಬೇಕಾಯಿತು.

ಪರೀಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ನನ್ನ ಬದುಕನ್ನು ಕಟ್ಟಿಕೊಟ್ಟದ್ದೇ ಪರೀಕ್ಷೆ. ಅದು ಒಂದು ದಿನದ, ಒಂದು ಅಳತೆಯ ಫಲ. ಸೀಟು ಹಂಚಲು ಬೇರೆ ದಾರಿ ಇಲ್ಲವೆಂದು ಅದನ್ನು ಬಳಸುತ್ತೇವೆ. ಅದನ್ನು ಹುಡುಗನ ಹುಟ್ಟುಗುಣವೆಂದು, ಅವನ ಸ್ವಂತ ಆಸ್ತಿಯೆಂದು ಹೊತ್ತುಕೊಂಡು ತಿರುಗುವುದು ಸರಿಯಲ್ಲ. 2022ರ ಜನವರಿಯಲ್ಲಿ ನೀಟ್ ಮೀಸಲಾತಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಪ್ರವೇಶ ಪರೀಕ್ಷೆಯ ಅಂಕವೊಂದೇ ಅರ್ಹತೆಯಲ್ಲ, ಆ ಅಂಕದ ಹಿಂದೆ ಕುಟುಂಬದ ಹಣ, ಶಾಲೆ, ಸುತ್ತಲಿನ ವಾತಾವರಣ ಎಲ್ಲವೂ ಇರುತ್ತವೆ.

ಕೆಲವು ವರ್ಷಗಳ ಹಿಂದಿನ ವಿದ್ಯಾರ್ಥಿನಿಯೊಬ್ಬಳು ನೆನಪಾಗುತ್ತಾಳೆ. ಸವಣೂರಿನ ಕಡೆಯವಳು, ಪರಿಶಿಷ್ಟ ಜಾತಿ, ರ‍್ಯಾಂಕು ಬಹಳ ಹಿಂದೆ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಮೊದಲ ಸೆಮಿಸ್ಟರಿನಲ್ಲಿ ಗಣಿತವೂ ಸೇರಿ ಎರಡು ವಿಷಯ ಹೋದವು. ರವಿವಾರ ನಮ್ಮ ಮನೆಗೆ ಬಂದು ಅಡುಗೆಮನೆಯ ಕಟ್ಟೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಸಮಾಕಲನ ಬಿಡಿಸುತ್ತಿದ್ದಳು. ಅವಳಿಗೆ ಬಾರದಿದ್ದದ್ದು ಗಣಿತವಲ್ಲ, ಪ್ರಶ್ನೆಯ ಇಂಗ್ಲಿಷ್. ಅದನ್ನು ಕನ್ನಡದಲ್ಲಿ ಹೇಳಿದರೆ ನಾನು ಬರೆಯುವುದಕ್ಕೆ ಮೊದಲೇ ಮುಂದಿನ ಸಾಲು ಹೇಳುತ್ತಿದ್ದಳು. ಮೂರನೆಯ ವರ್ಷದ ಹೊತ್ತಿಗೆ ತರಗತಿಯ ಮೊದಲ ಸಾಲಿನಲ್ಲಿದ್ದಳು. ಈಗ ಬೆಂಗಳೂರಿನಲ್ಲಿ ಕೆಲಸ, ತಮ್ಮನನ್ನು ಓದಿಸುತ್ತಿದ್ದಾಳೆ. ಎಲ್ಲರೂ ಹೀಗೆ ಮೇಲೆ ಬರುತ್ತಾರೆಂದು ಹೇಳಲಾರೆ, ನಡುವೆ ಬಿಟ್ಟುಹೋದವರನ್ನೂ ಕಂಡಿದ್ದೇನೆ. ಬಿಟ್ಟುಹೋದವರಿಗೆ ರವಿವಾರ ಕೂರಿಸಿಕೊಂಡು ಹೇಳಿಕೊಡುವವರು ಯಾರಾದರೂ ಇದ್ದರೇ ಎಂದು ಕೇಳಬೇಕು. ಕರ್ನಾಟಕದ ಮೀಸಲಾತಿಯ ಕುರಿತ 1985ರ ವಸಂತಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಇಂಥ ಮಕ್ಕಳ ಬಗ್ಗೆಯೇ ಬರೆದರು. ಇಷ್ಟೆಲ್ಲ ಅಡ್ಡಿಗಳನ್ನು ದಾಟಿ ಬಂದ ಮಗು ವಸಂತದಲ್ಲಿ ಅರಳದಿದ್ದರೂ ಶರತ್ತಿನಲ್ಲಿ ಅರಳಬಹುದು ಎಂಬ ಅರ್ಥದ ಅವರ ಸಾಲನ್ನು ಓದಿದಾಗಲೆಲ್ಲ ನನಗೆ ಈ ಹುಡುಗಿಯ ಮುಖವೇ ಕಣ್ಣಮುಂದೆ ಬರುತ್ತದೆ.

ಮಠದ ಊಟ, ಬೋರ್ಡಿಂಗಿನ ಕೋಣೆ

ನಮ್ಮ ಭಾಗದಲ್ಲಿ ಯಾರೂ ಬರಿಗೈಯಲ್ಲಿ ಓದಿ ಮುಂದೆ ಬಂದದ್ದಿಲ್ಲ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ಲಿಂಗಾಯತ ಮಕ್ಕಳ ವಿದ್ಯೆಗೆ ಬಿಟ್ಟುಹೋದರು. ಅದರ ನೆರವಿನಿಂದ ಎಷ್ಟೋ ಮನೆಗಳ ಮೊದಲ ಪದವೀಧರರು ಹೊರಬಂದರು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು, ಕರ್ನಾಟಕ ಕಾಲೇಜಿನಲ್ಲಿ ಓದಿ ದೊಡ್ಡ ಹುದ್ದೆಗಳಿಗೆ ಏರಿದವರ ಸಾಲು ಉದ್ದವಿದೆ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆ ಹುಟ್ಟಿದ್ದು ಮುಂಬೈ ಪ್ರಾಂತ್ಯದ ಈ ಮೂಲೆಯ ಮಕ್ಕಳು ಹಿಂದೆ ಬಿದ್ದಿದ್ದಾರೆ ಎಂಬ ಕಳಕಳಿಯಿಂದಲೇ. 1920ರ ದಶಕದ ಕೊನೆಯಲ್ಲಿ ಅಂಬೇಡ್ಕರ್ ಅವರು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ತೆರೆಸಿದ ವಸತಿನಿಲಯಗಳಲ್ಲಿ ಒಂದು ನಮ್ಮ ಧಾರವಾಡದ್ದು. ಒಂದೊಂದು ಸಮಾಜಕ್ಕೂ ಒಂದೊಂದು ಬೋರ್ಡಿಂಗು, ಒಂದೊಂದು ವಿದ್ಯಾರ್ಥಿವೇತನ. ಇದು ಮೀಸಲಾತಿಯಲ್ಲದೆ ಮತ್ತೇನು? ನಮ್ಮ ಹಿರಿಯರು ಇದಕ್ಕೆ ನಾಚಿಕೊಳ್ಳಲಿಲ್ಲ. ಅನ್ನ ಹಾಕಿದ ಮಠವನ್ನು ಸಾಯುವತನಕ ನೆನೆದರು. ಸರ್ಕಾರದ ಹಾಸ್ಟೆಲಿನಲ್ಲಿ ಉಂಡು ಓದಿದ ಶಿರಹಟ್ಟಿಯ ಹುಡುಗ ಮಾತ್ರ ತಲೆ ತಗ್ಗಿಸಿ "ಹೌದು ಸರ್" ಎನ್ನಬೇಕು.

ನಾನು ಹುಟ್ಟಿದ್ದು ಬೆಟಗೇರಿಯಲ್ಲಿ, ನೇಕಾರರ ಓಣಿಯಲ್ಲಿ. ಗದಗ-ಬೆಟಗೇರಿಯವರಿಗೆ ವೀರೇಶ್ವರ ಪುಣ್ಯಾಶ್ರಮವೆಂದರೆ ಮನೆಯಂಗಳದಂತೆ. ಅಂಧ ಮಕ್ಕಳು, ದಿಕ್ಕಿಲ್ಲದ ಮಕ್ಕಳು ಅಲ್ಲಿಗೆ ಬರುತ್ತಾರೆ. ಮೊದಲು ಅನ್ನ, ವಸತಿ, ಆಮೇಲೆ ಸ್ವರ. ಹಾನಗಲ್ಲ ತಾಲ್ಲೂಕಿನ ದೇವಗಿರಿಯ ಅಂಧ ಬಾಲಕನೊಬ್ಬ ಪಂಚಾಕ್ಷರಿ ಗವಾಯಿಗಳ ಆಶ್ರಯಕ್ಕೆ ಬಂದು ಪುಟ್ಟರಾಜ ಗವಾಯಿಗಳಾದರು, 2010ರಲ್ಲಿ ಪದ್ಮಭೂಷಣ ಅವರನ್ನು ಹುಡುಕಿಕೊಂಡು ಬಂತು. ಆ ಬಾಲಕ ಹಳ್ಳಿಯಲ್ಲೇ ಉಳಿದಿದ್ದರೆ ಅವನ ಪ್ರತಿಭೆಯನ್ನು ಯಾವ ಪರೀಕ್ಷೆ ಅಳೆಯುತ್ತಿತ್ತು? ಪ್ರತಿಭೆಗೆ ಜಾಗ ಕೊಡಬೇಕು ಎನ್ನುವವರು ಗದಗಿನ ಈ ಮನೆಯನ್ನು ಒಮ್ಮೆ ನೋಡಬೇಕು. ಅಲ್ಲಿ ಜಾಗ ಮೊದಲು ಸಿಕ್ಕಿತು, ಪ್ರತಿಭೆ ಆಮೇಲೆ ಕಾಣಿಸಿಕೊಂಡಿತು.

ಆ ಸಂದರ್ಶನ

ನನ್ನ ತಾಯಿ ಕಂಡಿಕೆ ಸುತ್ತುತ್ತ, ತಂದೆ ಮಗ್ಗದ ಗುಣಿಯಲ್ಲಿ ಕಾಲಿಟ್ಟು ನೇಯುತ್ತ ನನ್ನನ್ನು ಎಂಎಸ್‌ಸಿವರೆಗೆ ಓದಿಸಿದರು. ಓದು ಮುಗಿದ ಹೊಸದರಲ್ಲಿ ಅವಳಿ ನಗರದ ಅನುದಾನಿತ ಕಾಲೇಜೊಂದರಿಂದ ಗಣಿತ ಉಪನ್ಯಾಸಕರ ಹುದ್ದೆಯ ಸಂದರ್ಶನಕ್ಕೆ ಕರೆ ಬಂತು. ಸಾಮಾನ್ಯ ವರ್ಗಕ್ಕೆ ತೆರೆದ ಹುದ್ದೆ, ಯಾರಾದರೂ ಹೋಗಬಹುದಿತ್ತು. ಅವ್ವ ತನ್ನ ಹೊಸ ಸೀರೆ ಉಡಿಸಿ ಕಳಿಸಿದಳು. ಮೊದಲು ಪಾಠದ ಪ್ರಾತ್ಯಕ್ಷಿಕೆ. ರೋಲನ ಪ್ರಮೇಯ ಹೇಳಿದೆ. ಕರಿಹಲಗೆಯ ಮೇಲೆ ವಕ್ರರೇಖೆ ಎಳೆದು, ಎರಡು ತುದಿ ಒಂದೇ ಎತ್ತರದಲ್ಲಿದ್ದರೆ ನಡುವೆ ಎಲ್ಲಾದರೂ ಒಂದು ಕಡೆ ಸ್ಪರ್ಶಕ ಸಮತಟ್ಟಾಗಲೇಬೇಕು ಎಂದು ತೋರಿಸಿದಾಗ ವಿಶ್ವವಿದ್ಯಾಲಯದಿಂದ ಬಂದಿದ್ದ ವಿಷಯತಜ್ಞರು ಕನ್ನಡಕ ತೆಗೆದು ಮುಂದಕ್ಕೆ ಬಾಗಿದರು, ಒಂದರ ಹಿಂದೆ ಒಂದು ಪ್ರಶ್ನೆ ಕೇಳಿದರು. ನಾನು ಉತ್ತರಿಸುತ್ತ ಹೋದೆ. ಅಂಥ ಸಂತೋಷ ಅದಕ್ಕೆ ಮೊದಲು ನನಗೆ ಆಗಿರಲಿಲ್ಲ.

ಆಮೇಲೆ ಆಡಳಿತ ಮಂಡಳಿಯ ಹಿರಿಯರು ಮಾತು ತೆಗೆದರು. ಬಹಳ ಮೃದುವಾದ ದನಿ, ಮಗಳನ್ನು ಮಾತಾಡಿಸಿದ ಹಾಗೆ. "ಊರು ಯಾವುದಮ್ಮ?" ಬೆಟಗೇರಿ ಎಂದೆ. "ಬೆಟಗೇರಿಯಲ್ಲಿ ಯಾರ ಪೈಕಿ?" ತಂದೆಯ ಹೆಸರು ಹೇಳಿದೆ. ಅವರಿಗೆ ಗುರುತು ಹತ್ತಲಿಲ್ಲ. "ಅಂದರೆ, ಮಗ್ಗದವರೇನು?" ಹೌದು ಎಂದೆ. "ಒಳ್ಳೆಯದು, ಒಳ್ಳೆಯದು" ಎಂದು ಪೆನ್ನಿನ ಮುಚ್ಚಳ ಹಾಕಿದರು. ವಿಷಯತಜ್ಞರು ಕಿಟಕಿಯ ಕಡೆ ನೋಡಿದರು. ಹೊರಗೆ ಬಂದು ಮೆಟ್ಟಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ವಯಸ್ಸಾದ ಸಿಪಾಯಿಯೊಬ್ಬರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ತಂಗಿ, ಊಟಕ್ಕೆ ನಿಲ್ಲಬೇಡ, ಇರುವ ಬಸ್ಸಿಗೆ ಹೋಗಿಬಿಡು. ಆರ್ಡರು ಆಗಲೇ ಟೈಪ್ ಆಗಿದೆ." ಆರ್ಡರು ಯಾರ ಹೆಸರಿನಲ್ಲಿ ಆಗಿತ್ತೋ ಅವರು ದಡ್ಡರೇನಲ್ಲ, ನನಗಿಂತ ಚೆನ್ನಾಗಿ ಪಾಠ ಹೇಳುವವರೂ ಆಗಿದ್ದಿರಬಹುದು. ಆ ಕೋಣೆಯಲ್ಲಿ ಅದನ್ನು ನೋಡಲು ಯಾರೂ ಕುಳಿತಿರಲಿಲ್ಲ. ಇಂಥ ನೇಮಕದಲ್ಲಿ ಜಾತಿಯ ಜೊತೆಗೆ ಕೊಟ್ಟು ತೆಗೆದುಕೊಳ್ಳುವ ಮಾತೂ ಇರುತ್ತದೆಂದು ಆಮೇಲೆ ತಿಳಿಯಿತು. ಸಂಬಳ ಸರ್ಕಾರದ್ದು, ಆಯ್ಕೆ ಮಂಡಳಿಯದ್ದು.

ಮುಂದೆ ನನಗೆ ಕೆಲಸ ಸಿಕ್ಕಿದ್ದು ಸರ್ಕಾರಿ ಪಿಯು ಕಾಲೇಜಿನಲ್ಲಿ, ಲಿಖಿತ ಪರೀಕ್ಷೆ ಬರೆದು, ಹಿಂದುಳಿದ ವರ್ಗಗಳ 2ಎ ಪ್ರವರ್ಗದಡಿ. ಇದನ್ನು ನಾನು ಎಲ್ಲಿಯೂ ಮುಚ್ಚಿಟ್ಟಿಲ್ಲ. ಅರ್ಜಿಯಲ್ಲಿ ಜಾತಿಗೆ ಒಂದು ಕಾಲಂ ಇತ್ತು, ತುಂಬಿದೆ. ತಹಶೀಲ್ದಾರರ ಪ್ರಮಾಣಪತ್ರ ಲಗತ್ತಿಸಿದೆ. ಅದಾದ ಮೇಲೆ ಪರೀಕ್ಷೆಯ ಕೊಠಡಿಯಿಂದ ಹಿಡಿದು ಸ್ಥಳ ಆಯ್ಕೆಯವರೆಗೆ ಒಬ್ಬರೂ ನನ್ನ ಊರು ಕೇರಿ ವಿಚಾರಿಸಲಿಲ್ಲ. ಪಟ್ಟಿಯಲ್ಲಿ ನನ್ನ ಅಂಕ, ನನ್ನ ಹಿಂದಿನವರ ಅಂಕ, ಮುಂದಿನವರ ಅಂಕ ಎಲ್ಲವೂ ಅಚ್ಚಾಗಿದ್ದವು. ಜಾತಿಗೆ ಕಾಲಂ ಇದ್ದ ಕಡೆ ನನ್ನನ್ನು ಗಣಿತದವಳೆಂದು ಕಂಡರು, ಕಾಲಂ ಇಲ್ಲದ ಕಡೆ ಮಗ್ಗದವಳೆಂದು ಕಂಡರು. ಮೀಸಲಾತಿಯಿಂದ ಜಾತಿ ಬೆಳೆಯುತ್ತದೆ ಎನ್ನುವವರಿಗೆ ನಾನು ಇಷ್ಟನ್ನೇ ಹೇಳುತ್ತ ಬಂದಿದ್ದೇನೆ. ನಿಯಮದಲ್ಲಿ ಬರೆದ ರಿಯಾಯಿತಿಗೆ ಲೆಕ್ಕವಿದೆ, ಮಿತಿಯಿದೆ, ಕೋರ್ಟಿಗೆ ಹೋಗಲು ದಾರಿಯಿದೆ. ಬರೆಯದ ರಿಯಾಯಿತಿಗೆ ಇವು ಯಾವುವೂ ಇಲ್ಲ, ಮೇಲಾಗಿ ಅದು ಮೆರಿಟ್ ಎಂಬ ಹೆಸರನ್ನೂ ಹೊತ್ತುಕೊಂಡು ಬರುತ್ತದೆ.

ಕೋರ್ಟು, ಆಯೋಗ

ಮೀಸಲಾತಿಗೆ ಶೇಕಡ 50ರ ಮಿತಿ ಎಂದು ಇಂದು ದೇಶವೆಲ್ಲ ಮಾತಾಡುವುದಕ್ಕೆ ಬೀಜ ಬಿದ್ದದ್ದು ನಮ್ಮ ರಾಜ್ಯದ ಮೊಕದ್ದಮೆಯಲ್ಲಿ. 1962ರ ಜುಲೈನಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ಶೇಕಡ 68ರಷ್ಟನ್ನು ಮೀಸಲಿಟ್ಟಿತು. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿ, ಒಟ್ಟಾರೆ ಮೀಸಲು ಅರ್ಧಕ್ಕಿಂತ ಕಡಿಮೆ ಇರಬೇಕು ಎಂದಿತು. ತೀರ್ಪು ಬರೆದ ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರ ಹೆಸರಿನಲ್ಲಿಯೇ ನಮ್ಮ ಗದಗ ಜಿಲ್ಲೆಯ ಊರಿದೆ, ಅವರು ಕಾಲೇಜಿಗೆ ಮೊದಲು ಕಾಲಿಟ್ಟದ್ದೂ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ. ಎರಡೇ ವರ್ಷಕ್ಕೆ ಚಿತ್ರಲೇಖಾ ಮೊಕದ್ದಮೆ ಬಂತು. ಆಗ ಸೀಟಿಗೂ ಸಂದರ್ಶನವಿತ್ತು. ಪರೀಕ್ಷೆಯ ಗರಿಷ್ಠ ಅಂಕಗಳ ಶೇಕಡ 25ರಷ್ಟನ್ನು ಅದಕ್ಕೆ ಸೇರಿಸಿದ್ದರು, ಕೋರ್ಟ್ ಬಹುಮತದಿಂದ ಅದನ್ನು ಒಪ್ಪಿತು. ಒಂದೇ ಅಂಕಕ್ಕೆ ರ‍್ಯಾಂಕು ಉರುಳುವ ಕಡೆ ಪರೀಕ್ಷೆಯ ಕಾಲು ಭಾಗದಷ್ಟು ಅಂಕ ಸಂದರ್ಶಕರ ಕೈಗೆ! ಮೀಸಲಾತಿಯ ಪ್ರಮಾಣದ ಬಗ್ಗೆ ಅರವತ್ತು ವರ್ಷ ಜಗಳವಾಡಿದ ನಾವು ಆ ಕಾಲು ಭಾಗದ ಬಗ್ಗೆ ಅಷ್ಟು ಜಗಳವಾಡಲಿಲ್ಲ. 2011ರ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಆಯ್ಕೆಪಟ್ಟಿಯನ್ನು ಸಿಐಡಿ ತನಿಖೆಯ ನಂತರ 2014ರಲ್ಲಿ ಸರ್ಕಾರವೇ ಹಿಂಪಡೆಯಬೇಕಾಯಿತು. 545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಒಎಂಆರ್ ಹಾಳೆ ತಿದ್ದಿದ ಹಗರಣದಲ್ಲಿ ರದ್ದಾಯಿತು. ಇವು ಯಾವುವನ್ನೂ ಮೀಸಲಾತಿ ಹಾಳುಮಾಡಲಿಲ್ಲ.

ಲಕ್ಷ್ಮಣ ಹಾವನೂರರ ಬಗ್ಗೆ ನಮ್ಮ ಭಾಗದವರಿಗೇ ಹೆಚ್ಚು ಗೊತ್ತಿಲ್ಲದಿರುವುದು ನನಗೆ ನೋವಿನ ಸಂಗತಿ. ರಾಣೆಬೆನ್ನೂರಿನ ಈ ವಕೀಲರು ದೇವರಾಜ ಅರಸರ ಕಾಲದಲ್ಲಿ, 1972ರಲ್ಲಿ, ರಾಜ್ಯದ ಮೊದಲ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾದರು. 1975ರಲ್ಲಿ ವರದಿ ಕೊಟ್ಟರು. ಅವರು ಭಾಷಣ ಮಾಡಲಿಲ್ಲ, ಲೆಕ್ಕ ಹಾಕಿದರು. ಯಾವ ಜಾತಿಯ ಎಷ್ಟು ಮಕ್ಕಳು ಎಸ್ಎಸ್ಎಲ್‌ಸಿ ದಾಟಿದ್ದಾರೆ, ಯಾರು ಎಷ್ಟು ಸರ್ಕಾರಿ ಹುದ್ದೆಗಳಲ್ಲಿದ್ದಾರೆ ಎಂದು ಊರೂರಿನ ಅಂಕಿಗಳನ್ನು ಕೂಡಿಸಿದರು. ಆ ಲೆಕ್ಕದಲ್ಲಿ ಲಿಂಗಾಯತರು ಹಿಂದುಳಿದವರ ಪಟ್ಟಿಗೆ ಬರಲಿಲ್ಲ, ನಮ್ಮ ಭಾಗದಲ್ಲಿ ದೊಡ್ಡ ಸಿಟ್ಟೆದ್ದಿತು. ಅದರ ಪ್ರತಿಧ್ವನಿ, ಹೆಚ್ಚಿನ ಮೀಸಲಾತಿ ಕೇಳುವ ಪಂಚಮಸಾಲಿ ಲಿಂಗಾಯತರ ಹೋರಾಟದವರೆಗೂ ಕೇಳಿಸುತ್ತಲೇ ಇದೆ. ನನ್ನ ಸಹೋದ್ಯೋಗಿಗಳಲ್ಲಿ ಆ ಹೋರಾಟಕ್ಕೆ ಹೋಗಿ ಬಂದವರಿದ್ದಾರೆ. ಒಣಬೇಸಾಯದ ನಾಲ್ಕೆಕರೆಯ ಕುಟುಂಬ ಮಗನಿಗೆ ಒಂದು ನೌಕರಿ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಯಾರಿಗೆ ಕೊಡಬೇಕೆಂಬುದನ್ನು ಹಾವನೂರರ ಹಾಗೆ ಅಂಕಿ ಮುಂದಿಟ್ಟು ತೀರ್ಮಾನಿಸಬೇಕೇ ಹೊರತು ಜನ ಸೇರಿಸಿದ ಬಲದ ಮೇಲೆ ಅಲ್ಲ. ಜನ ಸೇರಿಸಲಾಗದ ಅಲೆಮಾರಿಗಳ ಗತಿ ಏನಾಗುತ್ತದೆಂದು 2025ರ ಒಳಮೀಸಲಾತಿಯಲ್ಲಿ ಕಂಡೆವು. ಪರಿಶಿಷ್ಟ ಜಾತಿಯ ಶೇಕಡ 17ನ್ನು ಒಳಗಿನ ಮೂರು ಗುಂಪುಗಳಿಗೆ 6, 6, 5 ಎಂದು ಹಂಚಿದಾಗ ಅವರಿಗೆ ಬೇರೆ ಪಾಲೇ ಸಿಗಲಿಲ್ಲ, ತಮಗಿಂತ ಬಲವಾದವರ ಜೊತೆ ಸೇರಿಸಲಾಯಿತು.

ಭಟ್ಟರ ಮಗ

ಇನ್ನೊಬ್ಬ ಹುಡುಗನ ಬಗ್ಗೆ ಬರೆಯದೆ ಈ ಬರಹವನ್ನು ಮುಂದುವರಿಸಲಾರೆ. ತಂದೆ ಸಣ್ಣ ಗುಡಿಯೊಂದರಲ್ಲಿ ಪೂಜೆ ಮಾಡುತ್ತಾರೆ, ತಾಯಿ ಹಪ್ಪಳ ಸಂಡಿಗೆ ಮಾಡಿ ಮಾರುತ್ತಾರೆ. ಇರುವುದು ಎರಡು ಕೋಣೆಯ ಬಾಡಿಗೆ ಮನೆ. ಹುಡುಗ ನನ್ನ ತರಗತಿಯ ಅತ್ಯಂತ ಚುರುಕಿನವರಲ್ಲಿ ಒಬ್ಬ. ಅವನಿಗೆ ಬೇಕಾದ ಕಾಲೇಜಿನಲ್ಲಿ ಸರ್ಕಾರಿ ಸೀಟು ಸ್ವಲ್ಪದರಲ್ಲಿ ತಪ್ಪಿತು. ಅವನ ತಂದೆ ನನ್ನೆದುರು ಕುಳಿತು, ನಾವು ಬಡವರಲ್ಲವೇ ಮೇಡಂ ಎಂದು ಕೇಳಿದಾಗ ನನಗೆ ಕೂಡಲೇ ಉತ್ತರ ಬರಲಿಲ್ಲ. ಅವರು ಬಡವರೇ. ಅವರ ಪ್ರಶ್ನೆ ನ್ಯಾಯವಾದದ್ದೇ. ಮನೆಗೆ ಬಂದು ಆ ಕಾಲೇಜಿನ ಆ ವಿಭಾಗದ ಪಟ್ಟಿಯನ್ನು ತೆಗೆದು ನೋಡಿದೆ. ಅವನಿಗಿಂತ ಹಿಂದಿನ ರ‍್ಯಾಂಕಿನವರಿಗೆ ಮೀಸಲಿನಲ್ಲಿ ಸೀಟು ಸಿಕ್ಕಿದ್ದು ಪಟ್ಟಿಯಲ್ಲಿತ್ತು. ಆದರೆ ಅದೇ ತರಗತಿಯಲ್ಲಿ ಆಡಳಿತ ಮಂಡಳಿಯ ಕೋಟಾದಲ್ಲಿ ಬರುವವರ ರ‍್ಯಾಂಕು ಆ ಪಟ್ಟಿಯಲ್ಲಿ ಇರುವುದಿಲ್ಲ. ಅವರಲ್ಲಿ ಕೆಲವರು ನನ್ನ ವಿದ್ಯಾರ್ಥಿಗಳೇ, ಅವರ ಅಂಕ ನನಗೆ ಗೊತ್ತು, ಅವನ ಹತ್ತಿರಕ್ಕೂ ಬರುವವರಲ್ಲ. ಅವನ ಸೀಟನ್ನು ಸವಣೂರಿನವಳಂಥ ಹುಡುಗಿ ತೆಗೆದುಕೊಂಡಳೆಂದು ಅವನ ತಂದೆ ನಂಬಿದ್ದರು. ದುಡ್ಡಿದ್ದವರು ಕೊಂಡ ಸೀಟಿನ ಬಗ್ಗೆ ಅವರಿಗೆ ಸಿಟ್ಟೇ ಇರಲಿಲ್ಲ, ಅದು ಅವರವರ ಶಕ್ತಿ ಎಂದರು. ಈ ಮಾತು ನನ್ನನ್ನು ಬಹಳ ಕಾಡಿತು. ಸರ್ಕಾರಿ ಶುಲ್ಕದ ಸೀಟುಗಳು ಹೆಚ್ಚಬೇಕು, ಬಡ ಮಕ್ಕಳ ಶುಲ್ಕವನ್ನು ಜಾತಿ ನೋಡದೆ ಸರ್ಕಾರ ತುಂಬಬೇಕು. ಭಟ್ಟರ ಮಗನಿಗಾಗಿ ನಾನು ಯಾರ ಮುಂದೆ ಬೇಕಾದರೂ ಇದನ್ನು ಕೇಳಲು ಸಿದ್ಧಳಿದ್ದೇನೆ. ಶಿರಹಟ್ಟಿಯ ಹುಡುಗನ ಪಾಲಿನಿಂದ ಕಿತ್ತು ಕೊಡಿ ಎಂದು ಮಾತ್ರ ಕೇಳಲಾರೆ.

ಹಣದ ಮುಂದೆ ಮೆರಿಟ್ ಎಷ್ಟು ಬೇಗ ಬಾಗುತ್ತದೆಂಬುದಕ್ಕೆ 2023ರ ಸೆಪ್ಟೆಂಬರ್ ಸಾಕು. ಸ್ನಾತಕೋತ್ತರ ಮೆಡಿಕಲ್ ಸೀಟುಗಳು ಖಾಲಿ ಉಳಿದವೆಂದು ನೀಟ್ ಪಿಜಿಯ ಕಟ್‌ಆಫ್ ಅನ್ನು ಎಲ್ಲ ವರ್ಗಗಳಿಗೂ ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಪರೀಕ್ಷೆ ಬರೆದವರೆಲ್ಲ ಅರ್ಹರಾದರು. ಪರಿಶಿಷ್ಟರಿಗೆ ಹತ್ತು ಅಂಕ ಸಡಿಲಿಸಿದರೆ ರೋಗಿಗಳ ಜೀವಕ್ಕೆ ಅಪಾಯ ಎನ್ನುವ ಮಾತು ಆ ತಿಂಗಳು ನಮ್ಮ ಸ್ಟಾಫ್‌ರೂಮಿನಲ್ಲಿ ಕೇಳಿಸಲಿಲ್ಲ.

ಮೀಸಲಾತಿಯೊಳಗೂ ಸುಳ್ಳು ಇದೆ, ಅದರ ಬಗ್ಗೆ ನನಗೆ ಸಿಟ್ಟಿದೆ. ಹಿಂದುಳಿದ ವರ್ಗಗಳಲ್ಲಿ ಅನುಕೂಲಸ್ಥರನ್ನು ಮೀಸಲಾತಿಯಿಂದ ಹೊರಗಿಡುವ ಕೆನೆಪದರದ ಮಿತಿ ವರ್ಷಕ್ಕೆ 8 ಲಕ್ಷ ರೂಪಾಯಿ. ಎರಡು ಟ್ರ್ಯಾಕ್ಟರ್, ಪಟ್ಟಣದಲ್ಲಿ ಅಂಗಡಿಮಳಿಗೆ ಇರುವವರ ಮಕ್ಕಳೂ ನಾಡಕಚೇರಿಯಿಂದ ಬಡವರೆಂಬ ಆದಾಯ ಪ್ರಮಾಣಪತ್ರ ತಂದು ನನ್ನ ಮೇಜಿನ ಮೇಲಿಡುತ್ತಾರೆ. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ಬೇಡ ಜಂಗಮರ ಹೆಸರಿನಲ್ಲಿ ಬೇರೆಯವರು ಪಡೆಯುವ ಪ್ರಮಾಣಪತ್ರದ ವಿವಾದ ದಶಕಗಳಿಂದ ನಡೆದೇ ಇದೆ. ಇಲ್ಲಿ ನಷ್ಟವಾಗುವುದು ಮೆರಿಟ್ ವಾದಿಗಳಿಗಲ್ಲ, ಅದೇ ಪ್ರವರ್ಗದ ನಿಜವಾದ ಬಡವರಿಗೆ. ಇಂಥ ಪತ್ರ ಬರೆದುಕೊಡುವವರಿಗೆ ಶಿಕ್ಷೆಯಾಗಬೇಕು.

ಸಪ್ತಾಪುರದ ಓದುಕೋಣೆಗಳು

ಸಂಜೆ ಧಾರವಾಡದ ಸಪ್ತಾಪುರದ ಕಡೆ ನಡೆದುಹೋದರೆ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುವ ಹಾವೇರಿ, ಗದಗ, ಕೊಪ್ಪಳ, ವಿಜಯಪುರದ ಮಕ್ಕಳು ಗುಂಪುಗುಂಪಾಗಿ ಕಾಣುತ್ತಾರೆ. ಬಾಡಿಗೆ ಓದುಕೋಣೆ, ಎರಡು ಹೊತ್ತಿನ ಖಾನಾವಳಿ, ಗೋಡೆಯ ಮೇಲೆ ಕರ್ನಾಟಕದ ನಕ್ಷೆ. ಅವರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ, ಮುಂಡರಗಿ ತಾಲ್ಲೂಕಿನವನು. ಅವನ ಹೊಲದ ಬದುವಿನಾಚೆ ಕೊಪ್ಪಳ ಜಿಲ್ಲೆ. ಮಣ್ಣು ಒಂದೇ, ಮಳೆ ಇಲ್ಲದ್ದೂ ಒಂದೇ. ಆದರೆ ಆಚೆಯವರಿಗೆ, ಕಲ್ಯಾಣ ಕರ್ನಾಟಕದವರಿಗೆ ಮೀಸಲು ಕೊಡುವ ಸಂವಿಧಾನದ 371ಜೆ ಇದೆ, ಇವನಿಗಿಲ್ಲ. ಸೋದರತ್ತೆಯ ಮಗನಿಗೆ ಅದರಡಿ ಕೆಲಸ ಸಿಕ್ಕಿದೆ. ನಿನಗೆ ಬೇಸರವಿಲ್ಲವೇ ಎಂದು ಕೇಳಿದೆ. "ಅವನಿಗೆ ಸಿಕ್ಕಿದ್ದು ಒಳ್ಳೆಯದೇ ಆಯಿತು ಮೇಡಂ. ನನ್ನ ಜಗಳ ಅವನ ಜೊತೆಗಲ್ಲ. ಅಧಿಸೂಚನೆ ಬರಲಿ ಸಾಕು" ಎಂದ. ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಬೇಡವೆಂದು 2024ರ ಕೊನೆಯಿಂದ ಸರ್ಕಾರ ತಡೆಹಿಡಿದಿತ್ತು. ಆಗ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿ ಇದ್ದವು. ಆ ಹೊತ್ತಿನಲ್ಲಿ ಈ ಮಕ್ಕಳ ವಯೋಮಿತಿ ಮೀರುತ್ತ ಹೋಗುತ್ತಿತ್ತು. ಖಾಲಿ ಕುರ್ಚಿಯ ಮುಂದೆ ಮೆರಿಟ್ ಮತ್ತು ಮೀಸಲು ಎಂದು ಇವರನ್ನು ಎದುರುಬದುರು ನಿಲ್ಲಿಸುವುದು ಕ್ರೌರ್ಯ.

ಮೀಸಲಾತಿಯಿಂದ ಕೆಲಸ ಕೆಡುತ್ತದೆ ಎನ್ನುವವರಿಗೆ ರೈಲ್ವೆಯನ್ನು ತೋರಿಸುತ್ತೇನೆ. ಹುಬ್ಬಳ್ಳಿಯವರಿಗೆ ರೈಲ್ವೆ ಬೇರೆಯಲ್ಲ, ವರ್ಕ್‌ಶಾಪಿನ ಭೋಂಗಾಕ್ಕೆ ಎದ್ದು ಬೆಳೆದ ಓಣಿಗಳಿವೆ. ಅಶ್ವಿನಿ ದೇಶಪಾಂಡೆ ಮತ್ತು ಥಾಮಸ್ ವೈಸ್ಕಾಫ್ ಎಂಬ ಅರ್ಥಶಾಸ್ತ್ರಜ್ಞರು ಭಾರತೀಯ ರೈಲ್ವೆಯ 1980ರಿಂದ 2002ರವರೆಗಿನ ಅಂಕಿಗಳನ್ನು ಪರಿಶೀಲಿಸಿದರು. ಪರಿಶಿಷ್ಟ ಜಾತಿ, ಪಂಗಡದ ನೌಕರರ ಪ್ರಮಾಣ ಹೆಚ್ಚಿದ್ದರಿಂದ ಉತ್ಪಾದಕತೆ ಕುಗ್ಗಿದ್ದಕ್ಕೆ ಅವರಿಗೆ ಯಾವ ಪುರಾವೆಯೂ ಸಿಗಲಿಲ್ಲ. ಮೇಲಿನ ಎ ಮತ್ತು ಬಿ ದರ್ಜೆಯ ಹುದ್ದೆಗಳಲ್ಲಿ ಒಳ್ಳೆಯ ಪರಿಣಾಮವೇ ಕಂಡಿತು. ಇಡೀ ದೇಶದ ಗಾಡಿಗಳನ್ನು ಓಡಿಸುವವರ ಬಗ್ಗೆ ಇಷ್ಟು ವರ್ಷದ ಲೆಕ್ಕವಿದೆ. ಮಂಡಳಿಯ ಕೋಣೆಯಲ್ಲಿ ಟೈಪ್ ಆದ ಆರ್ಡರುಗಳಿಂದ ಕಾಲೇಜುಗಳಿಗೆ ಏನಾಯಿತೆಂದು ಯಾರೂ ಲೆಕ್ಕ ಇಟ್ಟಿಲ್ಲ.

ಮುಂಡರಗಿಯ ಹುಡುಗ ಈಗ ಕಾಯುವುದನ್ನು ಬಿಟ್ಟು ಅನುದಾನಿತ ಕಾಲೇಜೊಂದರ ಹುದ್ದೆಗೆ ಅರ್ಜಿ ಹಾಕಿದ್ದಾನೆ. ಸರ್ಕಾರದ ಗಣನೀಯ ಅನುದಾನ ಪಡೆಯುವ ಕಾಲೇಜುಗಳು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂದು 2019ರಲ್ಲಿ ಡಿಎವಿ ಕಾಲೇಜಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ನನ್ನ ಕಾಲದಲ್ಲಿ ಆ ಕಾಯ್ದೆಯೇ ಇರಲಿಲ್ಲ. ಪ್ರಾತ್ಯಕ್ಷಿಕೆಗೆ ಎಷ್ಟು ಅಂಕ, ಸಂದರ್ಶನಕ್ಕೆ ಎಷ್ಟು ಅಂಕ, ಯಾವ ಸದಸ್ಯರು ಯಾರಿಗೆ ಎಷ್ಟು ಹಾಕಿದರು, ಆ ಹುದ್ದೆ ಯಾವ ಪ್ರವರ್ಗದ ಸರದಿಗೆ ಬರುತ್ತದೆಂದು ತೋರಿಸುವ ರೋಸ್ಟರ್ ಬಿಂದು ಯಾವುದು ಎಂದು ಫಲಿತಾಂಶ ಬಂದ ಮರುದಿನವೇ ಕೇಳಲು ಅರ್ಜಿಯನ್ನು ಇಬ್ಬರೂ ಕುಳಿತು ಬರೆದಿಟ್ಟಿದ್ದೇವೆ. ಆಯ್ಕೆಯಾದರೂ ಕೇಳುತ್ತೇನೆ ಎಂದು ಅವನು ಹೇಳಿದ್ದಾನೆ.